ಶಾಪದ ಮಂಜು ಹೆದರಿಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಕನ್ನಡದಲ್ಲಿ ಒಂದು ಡಾರ್ಕ್ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಬೆಟ್ಟಗಳ ನಡುವೆ ಒಂದು ಸಣ್ಣ ರಾಜ್ಯ. ರಾಜ ಮಾಡಿದ ಅನ್ಯಾಯಕ್ಕೆ ಶಾಪ ತಟ್ಟಿ ಅಲ್ಲಿ ಮಂಜು ಕವಿಯುತ್ತದೆ. ಅದರೊಳಗೆ ಸಿಕ್ಕವರ ಮೈ, ಮನಸ್ಸು ಎರಡೂ ಕೆಡುತ್ತವೆ. ಮೂರು ಅಧ್ಯಾಯ ಓದಿದ ಗೆಳೆಯರು 'ನಾಟಕದಲ್ಲಿ ಹೊಗೆ ಬಿಟ್ಟ ಹಾಗಿದೆ, ಭಯ ಆಗಲ್ಲ' ಅಂದರು. ಎಲ್ಲಿ ತಪ್ಪುತ್ತಿದ್ದೇನೆ? ಇಂಥ ಮಂಜು ನಿಜವಾಗಿ ಎಲ್ಲಾದರೂ ಇತ್ತಾ? ಅದಕ್ಕೆ ಕನ್ನಡದಲ್ಲಿ ಏನು ಹೆಸರಿಡಲಿ? ಕೊನೆಯಲ್ಲಿ ಅದು ಹೋಗಲೇಬೇಕಾ?

ಉತ್ತರ: ನೀವು ಕಳಿಸಿದ ಅಧ್ಯಾಯದ ಆರಂಭದಿಂದಲೇ ಶುರು ಮಾಡೋಣ. 'ಕಪ್ಪು ಮಂಜು ಘರ್ಜಿಸುತ್ತ ಕೋಟೆಯೊಳಗೆ ನುಗ್ಗಿತು. ಅದು ಮುಟ್ಟಿದವರೆಲ್ಲ ಕ್ಷಣಾರ್ಧದಲ್ಲಿ ಪಿಶಾಚಿಗಳಾದರು.' ಭಯ ಆಗದೇ ಇರುವುದಕ್ಕೆ ಕಾರಣ ಇಲ್ಲೇ ಇದೆ. ನುಗ್ಗುವುದು ಹೊಳೆ. ಘರ್ಜಿಸುವುದು ಹುಲಿ. ಕ್ಷಣಾರ್ಧದಲ್ಲಿ ಮುಗಿಸುವುದು ಸಿಡಿಲು. ಈ ಎರಡು ವಾಕ್ಯದಲ್ಲಿ ಇವೆಲ್ಲ ಇವೆ, ಮಂಜು ಮಾತ್ರ ಇಲ್ಲ. ಶಾಪ ಹತ್ತಿದ ಮಂಜು ಕೂಡ ಮೊದಲು ಮಂಜಿನ ಹಾಗೆ ನಡೆದುಕೊಳ್ಳಬೇಕು. ಓದುವವರಿಗೆ ಮಂಜು ಚೆನ್ನಾಗಿ ಗೊತ್ತು. ಗೊತ್ತಿರುವ ವಸ್ತು ಗೊತ್ತಿರುವ ಹಾಗೇ ಇದ್ದು, ಒಂದೇ ಒಂದು ಕಡೆ ಬೇರೆಯಾದಾಗ ಮೈ ಜುಮ್ ಅನ್ನುತ್ತದೆ.

ನಾನು ಬೆಳೆದದ್ದು ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ. ಅಷ್ಟು ವರ್ಷದಲ್ಲಿ ಮಂಜು ಬರುವುದನ್ನು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಏನೋ ಕೆಲಸದಲ್ಲಿ ಇರುತ್ತೇವೆ. ತಲೆ ಎತ್ತಿದರೆ ಎದುರಿನ ಗುಡ್ಡ ಇರುವುದಿಲ್ಲ. ಇನ್ನೊಂದು ಸಲ ನೋಡಿದರೆ ಅಡಿಕೆ ಮರಗಳಿಗೆ ತಲೆ ಇಲ್ಲ, ಬರೀ ಕಂಬಗಳು. ಆಮೇಲೆ ಬೇಲಿಯ ಬಾಗಿಲು, ದಣಪೆ, ಹೋಯಿತು. ಆಮೇಲೆ ಅಂಗಳದ ತುಳಸಿಕಟ್ಟೆ. ಮಂಜು ಬಂತು ಅಂತ ಅನ್ನಿಸುವುದಕ್ಕಿಂತ, ಇದ್ದದ್ದು ಒಂದೊಂದಾಗಿ ಹೋಯಿತು ಅಂತ ಅನ್ನಿಸುವುದೇ ಜಾಸ್ತಿ. ನಿಮ್ಮ ಕೋಟೆಗೂ ಅದು ಹೀಗೇ ಬರಲಿ. ಕಾವಲಿನವನು ರಾತ್ರಿ ಕೆಳಗಿನ ಊರಿನ ದೀಪ ಎಣಿಸುತ್ತಾನೆ ಅಂತಿಟ್ಟುಕೊಳ್ಳಿ. ಒಂದು ದಿನ ಇಪ್ಪತ್ತು. ಮರುದಿನ ಹದಿನೇಳು. ಅವನು ಎಣ್ಣೆ ತುಟ್ಟಿಯಾಗಿರಬೇಕು ಅಂದುಕೊಳ್ಳುತ್ತಾನೆ. ಅಷ್ಟು ಸಾಕು.

ಮಂಜು ಅಂದರೆ ನೆಲಕ್ಕೆ ತಾಗಿ ಕೂತ ಮೋಡ. ಒಂದು ಕಿಲೋಮೀಟರ್ ದೂರದ್ದೂ ಕಾಣದಂತಾದರೆ ಹವಾಮಾನದವರ ಲೆಕ್ಕದಲ್ಲಿ ಅದು ಪೂರ್ತಿ ಮಂಜು. ಕಣಿವೆಯ ಮಂಜು ಹುಟ್ಟುವುದು ಆಕಾಶ ತಿಳಿಯಾಗಿ, ಗಾಳಿ ನಿಂತು, ನೆಲ ಒದ್ದೆಯಾಗಿರುವ ರಾತ್ರಿ. ನೆಲದ ಬಿಸಿ ಮೇಲಕ್ಕೆ ಹೋಗಿಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ, ಅದರೊಳಗಿನ ಆವಿ ಹನಿಯಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ. ಮೊದಲು ತುಂಬುವುದು ಹಳ್ಳ, ಗದ್ದೆ, ತೋಟ. ಇನ್ನೊಂದು ಬಗೆಯೂ ಇದೆ. ಒದ್ದೆ ಗಾಳಿ ಬೆಟ್ಟ ಹತ್ತುತ್ತ ತಣ್ಣಗಾಗಿ ಮಂಜಾಗುವುದು. ಆಗುಂಬೆ, ಮಡಿಕೇರಿಯಲ್ಲಿ ಮಳೆಗಾಲದಲ್ಲಿ ನೋಡುವುದು ಹೆಚ್ಚಾಗಿ ಅದು. ನಿಮಗೆ ಯಾವುದು ಬೇಕು ಅಂತ ಮೊದಲು ನಿರ್ಧಾರ ಮಾಡಿ. ನನ್ನ ಕೇಳಿದರೆ ಕಣಿವೆಯ ಮಂಜನ್ನೇ ಆರಿಸಿ. ಯಾಕೆ ಅಂದರೆ ತಪ್ಪು ಮಾಡಿದ ರಾಜ ಗುಡ್ಡದ ತುದಿಯಲ್ಲಿದ್ದಾನೆ, ಗದ್ದೆ ಮಾಡುವವರು ಕೆಳಗಿದ್ದಾರೆ. ಶಾಪ ಹಾಕಿದ್ದು ಅವನಿಗೆ. ತಟ್ಟುವುದು ಇವರಿಗೆ. ಅವನ ಹೊಸ್ತಿಲಿಗೆ ಅದು ಹತ್ತಿ ಬರುವ ಹೊತ್ತಿಗೆ ಕೆಳಗೆ ಒಂದು ತಲೆಮಾರೇ ಹೋಗಿರುತ್ತದೆ. ನಿಮ್ಮ ಕಾದಂಬರಿಯ ಅನ್ಯಾಯ ಇಲ್ಲಿದೆ. ಅದನ್ನು ನೀವು ಮಾತಿನಲ್ಲಿ ಹೇಳುವ ಅಗತ್ಯವೇ ಬರುವುದಿಲ್ಲ, ನೆಲದ ಇಳಿಜಾರೇ ಹೇಳುತ್ತದೆ.

ಕಣಿವೆಯ ಮಂಜು ಅತಿ ದಟ್ಟ ಆಗುವುದು ನಡುರಾತ್ರಿಯಲ್ಲಿ ಅಲ್ಲ, ಬೆಳಗಿನ ಜಾವದಲ್ಲಿ. ಎಷ್ಟೋ ಸಲ ಸೂರ್ಯ ಹುಟ್ಟಿದ ಮೇಲೆ ಇನ್ನೂ ಕವಿಯುತ್ತದೆ. ನಿಮ್ಮ ಕಥೆಯಲ್ಲಿ ಜನ ರಾತ್ರಿಗೆ ಹೆದರುತ್ತಾರೆ, ಕೋಳಿ ಕೂಗಿದರೆ ಬಚಾವ್ ಅಂದುಕೊಳ್ಳುತ್ತಾರೆ. ಅದನ್ನು ತಿರುಗಿಸಿ. ಅಲ್ಲಿ ಕೋಳಿ ಕೂಗಿದರೆ ತಾಯಂದಿರು ಮಕ್ಕಳ ಬಾಯಿ ಮುಚ್ಚಲಿ. ಬೆಳಕು ಅಂದರೆ ಅವರಿಗೆ ಬಿಳಿ ಕುರುಡು.

ದೀಪದ ಬಗ್ಗೆಯೂ ಹೇಳಬೇಕು. ನಿಮ್ಮ ನಾಯಕ ಪಂಜು ಹಿಡಿದು ಮಂಜನ್ನು 'ಸೀಳಿಕೊಂಡು' ಹೋಗುತ್ತಾನೆ. ಚಾರ್ಮಾಡಿ ಘಾಟಿಯಲ್ಲಿ ಮಂಜು ಇದ್ದಾಗ ಗಾಡಿ ಓಡಿಸಿದ ಯಾರನ್ನಾದರೂ ಕೇಳಿ. ಹೈ ಬೀಮ್ ಹಾಕಿದರೆ ದಾರಿ ಕಾಣುವುದು ಇನ್ನೂ ಕಮ್ಮಿಯಾಗುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಮಂಜಿನಲ್ಲಿ ಪಂಜು ಹಿಡಿದವನಿಗೆ ದಾರಿ ಕಾಣುವುದಿಲ್ಲ, ದಾರಿಯಲ್ಲಿ ಇರುವವರಿಗೆ ಅವನು ಕಾಣುತ್ತಾನೆ.

ರಾಜನಿಗಾಗಿಯೇ ಒಂದು ಸಂಗತಿ ಇಟ್ಟಿದ್ದೇನೆ. ಎತ್ತರದಲ್ಲಿ ನಿಂತಾಗ ಬೆನ್ನಿಗೆ ಬಿಸಿಲು, ಕೆಳಗೆ ಮಂಜು ಇದ್ದರೆ, ನಮ್ಮ ನೆರಳು ದೈತ್ಯನ ಹಾಗೆ ಮಂಜಿನ ಮೇಲೆ ಬೀಳುತ್ತದೆ. ಆ ನೆರಳಿನ ತಲೆಯ ಸುತ್ತ ಬಣ್ಣದ ಬಳೆಯೂ ಕಾಣಬಹುದು. ಜರ್ಮನಿಯ ಬ್ರಾಕನ್ ಬೆಟ್ಟದಿಂದಾಗಿ ಇದಕ್ಕೆ ಬ್ರಾಕನ್ ಭೂತ ಅಂತ ಹೆಸರು ಬಿದ್ದಿದೆ. ಇದರಲ್ಲಿ ಒಂದು ವಿಚಿತ್ರ ಉಂಟು. ಹತ್ತು ಜನ ಸಾಲಾಗಿ ನಿಂತರೂ ಪ್ರತಿಯೊಬ್ಬರಿಗೂ ಆ ಬಳೆ ಕಾಣುವುದು ತಮ್ಮ ತಲೆಯ ಸುತ್ತ ಮಾತ್ರ. ಈಗ ನಿಮ್ಮ ರಾಜನನ್ನು ಬೆಳಗ್ಗೆ ಬುರುಜಿನ ಮೇಲೆ ನಿಲ್ಲಿಸಿ. ಕೆಳಗೆ ಊರು ಸಾಯುತ್ತಿದೆ. ಅವನಿಗೆ ತನ್ನ ತಲೆಯ ಸುತ್ತ ಪ್ರಭಾವಳಿ ಕಾಣುತ್ತಿದೆ. ಮಂತ್ರಿಗೂ ತನ್ನ ತಲೆಯ ಸುತ್ತ ಕಾಣುತ್ತಿದೆ, ಅವನು ಬಾಯಿ ಬಿಡುವುದಿಲ್ಲ. ಕೆಡುವುದು ಅಂದರೆ ಇದೂ ಅಲ್ವಾ?

ಇನ್ನು ನಿಮ್ಮ ಎರಡನೇ ಪ್ರಶ್ನೆ. ಮೈ ಕೆಡಿಸುವ ಮಂಜು ನಿಜವಾಗಿ ಇತ್ತು. ನೀವು ಕಲ್ಪಿಸಿದ್ದಕ್ಕಿಂತ ಘೋರವಾಗಿತ್ತು.

1783ರ ಜೂನ್ 8ರಂದು ಐಸ್‌ಲ್ಯಾಂಡಿನ ಲಾಕಿ ಎಂಬಲ್ಲಿ ನೆಲ ಸೀಳಿತು. ಸುಮಾರು 25 ಕಿಲೋಮೀಟರ್ ಉದ್ದದ ಬಿರುಕು. ಎಂಟು ತಿಂಗಳು ಅದರಿಂದ ಬೆಂಕಿ, ಲಾವಾ, ಅನಿಲ ಹೊರಬಂತು. ಸಲ್ಫರ್ ಡೈಆಕ್ಸೈಡ್ ಒಂದೇ ಸುಮಾರು 12 ಕೋಟಿ ಟನ್. ಅದರ ಜೊತೆ ಫ್ಲೋರಿನ್. ಇದೆಲ್ಲ ಸೇರಿ ಒಂದು ನೀಲಿ ಛಾಯೆಯ ಮಬ್ಬು ದೇಶದ ಮೇಲೆ ಕೂತಿತು. ಅಲ್ಲಿಯವರು ಆ ಕಾಲವನ್ನು ಇವತ್ತಿಗೂ 'ಮೋಡುಹರ್ದಿಂದಿನ್' ಅನ್ನುತ್ತಾರೆ. 'ಮಂಜಿನ ಸಂಕಟ' ಅಂತ ಅರ್ಥ. ನೆಲದಿಂದ ಎದ್ದ ಬೆಂಕಿಗೆ ಬೆಂಕಿಯ ಹೆಸರೇ ಇದೆ, ಆದರೆ ಅದು ತಂದ ಸಂಕಟದ ಕಾಲಕ್ಕೆ ಆ ಜನ ಮಂಜಿನ ಹೆಸರು ಇಟ್ಟರು.

ಆ ಸೀಮೆಯ ಪಾದ್ರಿ ಯೋನ್ ಸ್ಟೇನ್‌ಗ್ರಿಮ್ಸನ್ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾರೆ. ಹುಲ್ಲು ಮೇಯುವ ದನಕುರಿಗಳ ಮೂತಿ, ಮೂಗು, ಕಾಲು ಕಡು ಹಳದಿಯಾಗಿ ಹುಣ್ಣಾದವು. ನೀರು ತಿಳಿ ನೀಲಿಗೆ ತಿರುಗಿತು. ಗಿಡಗಳು ಸುಟ್ಟ ಹಾಗೆ ಬಾಡಿ ಬೂದು ಬಣ್ಣಕ್ಕೆ ಬಂದವು. ಆಮೇಲೆ ಪ್ರಾಣಿಗಳ ಕೀಲುಗಳಲ್ಲಿ ಗಂಟುಗಳು ಎದ್ದವು. ಊಟಕ್ಕೆ ಇಲ್ಲದೆ ಅದೇ ಮಾಂಸ, ಅದೇ ನೀರಿಗೆ ಇಳಿದ ಜನರಿಗೂ ಪಕ್ಕೆಲುಬಿನ ಮೇಲೆ, ಕೈಕಾಲಿನ ಮೇಲೆ ಗಂಟು ಬಂತು, ಬಾಯಿ ಊದಿತು, ಕೂದಲು ಉದುರಿತು. ದೇಶದ ಕುರಿಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ಸತ್ತವು. ಜನರಲ್ಲಿ ಐದರಲ್ಲಿ ಒಬ್ಬರು ಹೋದರು, ಬಹುಪಾಲು ಹಸಿವಿನಿಂದ. ನಮ್ಮಲ್ಲಿ ಪಾವಗಡದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಿದವರನ್ನು, ಬೆನ್ನು ಬಾಗಿದವರನ್ನು ಕಂಡವರಿಗೆ ಈ ವಿಷದ ಬಗೆ ಅರ್ಥ ಆಗುತ್ತದೆ. ಅದು ಮೂಳೆಗೇ ಇಳಿಯುತ್ತದೆ.

ಇಲ್ಲಿ ನೀವು ಕಲಿಯಬೇಕಾದ ಪಾಠ ದೊಡ್ಡದು. ಅಲ್ಲಿ ಮಂಜು ಹೆಚ್ಚಿನವರನ್ನು ಮುಟ್ಟಿ ಕೊಲ್ಲಲಿಲ್ಲ. ಅದು ಹುಲ್ಲಿನ ಮೇಲೆ ಕೂತಿತು. ಹುಲ್ಲು ಕುರಿಯೊಳಗೆ ಹೋಯಿತು. ಕುರಿ ಮನುಷ್ಯನೊಳಗೆ ಹೋಯಿತು. ಅಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂತವನೂ ಉಳಿಯುವುದಿಲ್ಲ, ಯಾಕೆಂದರೆ ಅವನು ಉಣ್ಣಲೇಬೇಕು. ನಿಮ್ಮ ಶಾಪ ಚರ್ಮದ ಮೂಲಕ ಬರುವುದು ಬೇಡ. ಅನ್ನದ ಮೂಲಕ, ಹಾಲಿನ ಮೂಲಕ ಬರಲಿ. ಹಾಗೆ ಬಂದರೆ ಅದನ್ನು ಮನೆಯೊಳಗೆ ತರುವವರು ಮನೆಯವರೇ ಆಗಿರುತ್ತಾರೆ. ಪ್ರೀತಿಯಿಂದ ಬಡಿಸುವವರು.

ಅಮೆರಿಕದ ಪೆನ್ಸಿಲ್ವೇನಿಯಾದ ಡೊನೊರಾ ಎಂಬ ಊರಿನದು ಇನ್ನೊಂದು ಬಗೆ. 1948ರ ಅಕ್ಟೋಬರ್ ಕೊನೆಯ ವಾರ. ನದಿ ಕಣಿವೆಯಲ್ಲಿ ಸತುವಿನ ಕಾರ್ಖಾನೆಯ ಹೊಗೆ, ಮಂಜು ಎರಡೂ ಸಿಕ್ಕಿಹಾಕಿಕೊಂಡವು. ಮೇಲೆ ಬಿಸಿ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿತ್ತು, ಕೆಳಗಿನ ತಣ್ಣನೆಯ ಗಾಳಿಗೆ ಮೇಲೇಳಲು ದಾರಿ ಇರಲಿಲ್ಲ. 14,000 ಜನರ ಊರಿನಲ್ಲಿ ಆರು ಸಾವಿರದಷ್ಟು ಜನರ ಆರೋಗ್ಯ ಕೆಟ್ಟಿತು, 20 ಜನ ಸತ್ತರು. ನನ್ನನ್ನು ಕಾಡುವುದು ಆ ಸಂಖ್ಯೆ ಅಲ್ಲ. ಶುಕ್ರವಾರ ಸಂಜೆ ಊರಲ್ಲಿ ಹ್ಯಾಲೋವೀನ್ ಹಬ್ಬದ ಮೆರವಣಿಗೆ ಎಂದಿನ ಹಾಗೇ ನಡೆಯಿತು. ಶನಿವಾರ ಶಾಲೆಯ ಫುಟ್‌ಬಾಲ್ ಪಂದ್ಯ ನಡೆಯಿತು. ಅಲ್ಲಿಯವರಿಗೆ ಹೊಗೆಮಂಜು ಹೊಸದಲ್ಲ, ಸುಮ್ನೆ ಸ್ವಲ್ಪ ಜಾಸ್ತಿ ಆಗಿದೆ ಅಂದುಕೊಂಡರು. ಲಂಡನ್ನಿನಲ್ಲೂ ಹೀಗೇ. 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲ ಹೊಗೆ ಬೆರೆತ ಮಂಜು ನಗರವನ್ನು ಮುಚ್ಚಿತು. ಒಳಾಂಗಣದ ರಂಗಮಂದಿರದೊಳಗೂ ಅದು ನುಸುಳಿ ಪ್ರದರ್ಶನ ಅರ್ಧಕ್ಕೆ ನಿಂತಿತು. ಆದರೆ ಎಷ್ಟು ಜನ ಸತ್ತರು ಅನ್ನುವುದು ಆಗ ಯಾರಿಗೂ ತಿಳಿಯಲಿಲ್ಲ. ಶವಪೆಟ್ಟಿಗೆ ಸಾಲದೆ ಬಂದಾಗ, ಹೂವಿನ ಅಂಗಡಿಗಳಲ್ಲಿ ಹೂವು ಮುಗಿದಾಗ ಅಂದಾಜು ಸಿಕ್ಕಿತು. ಮೊದಲು 4,000 ಅಂದರು. ಈಚಿನ ಲೆಕ್ಕಗಳು 12,000ದವರೆಗೆ ಹೋಗುತ್ತವೆ.

ನಿಮ್ಮ ಕಥೆಯಲ್ಲಿ ಮೊದಲ ಪುಟದಲ್ಲೇ ಜನ ಚೀರುತ್ತ ಓಡುತ್ತಾರೆ. ಓಡಿಸಬೇಡಿ. ಅಲ್ಲಿ ಮದುವೆ ನಡೆಯಲಿ, ಸಂತೆ ಸೇರಲಿ. ಕೆಮ್ಮಿದವರಿಗೆ ಕಷಾಯ ಕೊಡಲಿ. ಊರಿನ ಬಡಗಿಗೆ ಮಾತ್ರ ಈ ತಿಂಗಳು ಚಟ್ಟದ ಬಿದಿರು ಜಾಸ್ತಿ ಬೇಕಾಯಿತಲ್ಲ ಅಂತ ಹೊಳೆಯಲಿ.

ಈಗ ನಮ್ಮ ಊರಿನ ಒಂದು ಮಾತು. ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಬಿಡದೆ ಮಳೆ ಹೊಯ್ದು, ನಡುವೆ ಮಂಜು ಕವಿದು, ಎಳೆ ಬಿಸಿಲು ಬಂದರೆ ನಮ್ಮ ತಂದೆ ಬಿಸಿಲಿಗೆ ಖುಷಿ ಪಡುತ್ತಿರಲಿಲ್ಲ. ತೋಟದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅದು ಕೊಳೆ ಬರುವ ಹವೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಮರದ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿರುತ್ತಿತ್ತು. ಕೈಯಲ್ಲಿ ಹಿಡಿದರೆ ತೊಟ್ಟಿನ ಹತ್ತಿರ ನೀರು ಹೀರಿಕೊಂಡ ಹಾಗೆ ಕಡು ಹಸಿರು ಕಲೆ. ಇನ್ನೆರಡು ದಿನಕ್ಕೆ ಆ ಕಾಯಿಯ ಮೇಲೆ ಬಿಳಿ ಬೂಷ್ಟು, ತೆಳು ಹತ್ತಿ ಹೊದಿಸಿದ ಹಾಗೆ. ಮುಟ್ಟಿದರೆ ತಣ್ಣಗೆ. ಮಂಜೇ ಕಾಯಿಯ ಮೇಲೆ ಬೇರು ಬಿಟ್ಟಿದೆ ಅಂತ ಚಿಕ್ಕವನಾಗಿದ್ದಾಗ ನಾನು ನಂಬಿದ್ದೆ.

ಕೊಳೆರೋಗ ಅನ್ನುವ ಈ ಕನ್ನಡ ಪದ ವಿಜ್ಞಾನದ ಪುಸ್ತಕಕ್ಕೂ ಹೋಗಿದೆ. 1876ರಲ್ಲಿ ಮೈಸೂರು ಸೀಮೆಯ ಕಾಫಿಗೆ ಕಪ್ಪು ಕೊಳೆ ತರುವ ಶಿಲೀಂಧ್ರಕ್ಕೆ 'ಪೆಲಿಕ್ಯುಲೇರಿಯ ಕೊಳೆರೋಗ' ಅಂತಲೇ ಹೆಸರಿಟ್ಟರು. ಅಡಿಕೆಯದು ಬೇರೆ ಜೀವಿ, ಅದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೂಲಂಕಷವಾಗಿ ಅಭ್ಯಾಸ ಮಾಡಿದರು. ಕಾಫಿಯ ಕಪ್ಪು ಕೊಳೆಯಲ್ಲಿ ಒಂದು ನೋಟ ಇದೆ, ನಿಮ್ಮ ಕಾದಂಬರಿಗೆ ಹೇಳಿ ಮಾಡಿಸಿದಂತಿದೆ. ಸತ್ತ ಎಲೆ ಕೆಳಗೆ ಬೀಳುವುದಿಲ್ಲ. ತೊಟ್ಟು ಕಳಚಿದ ಮೇಲೂ ಆ ಶಿಲೀಂಧ್ರದ ನೂಲಿನಲ್ಲೇ ರೆಂಬೆಗೆ ನೇತಾಡುತ್ತದೆ. ಕಪ್ಪಗೆ, ಒದ್ದೆಯಾಗಿ. ಸತ್ತವರನ್ನು ನೆಲಕ್ಕೆ ಬೀಳಲು ಬಿಡದ ಮಂಜು. ಪಿಶಾಚಿ ಅನ್ನುವ ಪದ ಬಳಸದೆಯೇ ಇದನ್ನು ಬರೆಯಬಹುದು ನೋಡಿ.

ಇದರ ವಿರುದ್ಧ ಹೋರಾಟವೂ ನಿಮ್ಮ ಕಥೆಗೆ ಬೇಕು. ಮಲೆನಾಡಿನಲ್ಲಿ ಹಿಂದೆ ಪ್ರತಿ ಅಡಿಕೆ ಕೊನೆಗೂ, ಅಂದರೆ ಗೊಂಚಲಿಗೂ, ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಆಮೇಲೆ ಸಿಂಪಡಿಸುವ ಔಷಧಿ, ಬೋರ್ಡೋ ದ್ರಾವಣ ಬಂತು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಕೊನೆಗಾರ ಜಾರುವ ಮರ ಹತ್ತಿ ಒಂದೊಂದೇ ಕೊನೆಗೆ ಹೊಡೆಯುತ್ತಾನೆ. ಎರಡನೇ ಔಷಧಿಗೆ ಮಳೆ ಬಿಡುವು ಕೊಡದಿದ್ದರೆ ಆ ವರ್ಷದ ಕಥೆ ಮುಗಿಯಿತು. ನಿಮ್ಮ ರಾಜ್ಯದಲ್ಲಿ ಮಂತ್ರವಾದಿ ಕೋಲು ಎತ್ತಿದ ತಕ್ಷಣ ಮಂಜು ಹಿಂದೆ ಸರಿಯುತ್ತದೆ. ಅದರ ಬದಲು ಇಂಥ ಒಂದು ಕೆಲಸ ಕೊಡಿ. ಬೇಸರದ, ಅಪಾಯದ, ಪ್ರತಿ ವರ್ಷ ಮಾಡಲೇಬೇಕಾದ ಕೆಲಸ. ಒಬ್ಬ ಮನೆಯವನು ತಪ್ಪಿಸಿದರೂ ಪಕ್ಕದ ತೋಟಕ್ಕೆ ಹಬ್ಬುವಂಥದ್ದು. ಮರ ಹತ್ತುವವರು ಕಮ್ಮಿಯಾಗುತ್ತ ಬಂದರು ಅಂತಾದರೆ ಕಥೆಯ ಅರ್ಧ ಭಾರ ಅಲ್ಲೇ ನಿಲ್ಲುತ್ತದೆ.

ಶಾಪದ ವಿಷಯಕ್ಕೆ ಬರುತ್ತೇನೆ. ನಿಮ್ಮ ಶಾಪ ತುಂಬ ಸಡಿಲವಾಗಿದೆ. 'ನಿನ್ನ ರಾಜ್ಯ ನಾಶವಾಗಲಿ' ಅನ್ನುತ್ತಾಳೆ ಆ ಹೆಂಗಸು. ತಲಕಾಡಿನ ಅಲಮೇಲಮ್ಮನ ಶಾಪ ಹೇಗಿದೆ ನೋಡಿ. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.' ಮೂರು ತುಂಡು. ಒಂದು ನೆಲಕ್ಕೆ, ಒಂದು ನೀರಿಗೆ, ಒಂದು ವಂಶಕ್ಕೆ. ರಾಜ ಒಡೆಯರ್ 1610ರಲ್ಲಿ ಶ್ರೀರಂಗಪಟ್ಟಣ ತೆಗೆದುಕೊಂಡ ನಂತರದ ಕಥೆ ಇದು. ಒಡವೆಗಾಗಿ ಸೈನಿಕರು ಬೆನ್ನಟ್ಟಿದಾಗ ಆಕೆ ಕಾವೇರಿಗೆ ಹಾರಿದಳು ಅಂತ ಜನ ಹೇಳುತ್ತಾರೆ. ತಲಕಾಡಿನ ಗುಡಿಗಳು ಮರಳಿನಡಿ ಹೂತದ್ದು ಮಾತ್ರ ಕಣ್ಣಿಗೆ ಕಾಣುವ ಸತ್ಯ. ಮೇಲುಗಡೆ ಕಟ್ಟಿದ ಅಣೆಕಟ್ಟಿನಿಂದ ಹೊಳೆಯ ಮರಳು ಬಯಲಾಗಿ, ಗಾಳಿ ಅದನ್ನು ಹೊತ್ತು ತಂದಿತು ಅನ್ನುವುದು ಒಂದು ವಿವರಣೆ. ಶಾಪ ಅಲ್ಲಿನ ಮರಳನ್ನೇ, ಅಲ್ಲಿನ ನೀರನ್ನೇ ಆಯುಧ ಮಾಡಿಕೊಂಡಿತು. ಹೊರಗಿಂದ ಏನನ್ನೂ ತರಲಿಲ್ಲ. ಅರಮನೆಯವರು ಕೊನೆಗೆ ಶಾಪ ಹಾಕಿದವಳ ಮೂರ್ತಿಯನ್ನೇ ಇಟ್ಟು ಪೂಜೆ ಮಾಡಿದರು. ನಿಮ್ಮ ಆ ಹೆಂಗಸು ಯಾರು, ಅವಳ ಹತ್ತಿರ ಏನಿತ್ತು, ರಾಜ ಏನನ್ನು ಕಿತ್ತುಕೊಂಡ? ಅವಳು ಅಗಸಗಿತ್ತಿಯಾಗಿದ್ದರೆ ಶಾಪ ಹೀಗಿರಬಹುದು: ಈ ಊರಿನಲ್ಲಿ ಬಟ್ಟೆ ಒಣಗದೆ ಹೋಗಲಿ. ಅಷ್ಟೇ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಆರು ತಿಂಗಳ ಮೇಲೆ ಯಾರೂ ನಗುವುದಿಲ್ಲ.

ಹಳೆಯ ಕಾಲದಲ್ಲಿ ಊರಿಗೆ ಬೇನೆ ಬಂದರೆ ಮಾರಿ ಹೊರಡಿಸುತ್ತಿದ್ದರು. ಪೂಜೆ ಮಾಡಿ, ಮೆರವಣಿಗೆಯಲ್ಲಿ ಒಯ್ದು ಊರ ಗಡಿಯಾಚೆ ಬಿಟ್ಟು ಬರುವುದು. ಗಡಿಯಾಚೆ ಇರುವುದು ಪಕ್ಕದ ಊರು. ಅವರು ತಮ್ಮ ಗಡಿ ದಾಟಿಸಬೇಕು. ಶಾಪದ ಮಂಜನ್ನು ಕೊಲ್ಲಲು ಆಗುವುದಿಲ್ಲ, ದಾಟಿಸಲು ಮಾತ್ರ ಆಗುತ್ತದೆ ಅಂತ ಒಂದು ಕಟ್ಟಳೆ ಇಟ್ಟು ನೋಡಿ. ಒಳ್ಳೆಯ ಜನರೇ ಪಕ್ಕದ ಊರಿಗೆ ಏನು ಮಾಡಬಲ್ಲರು ಅಂತ ನಿಮ್ಮ ಪುಟಗಳು ತಾವಾಗಿಯೇ ತೋರಿಸುತ್ತವೆ.

ನಿಮ್ಮ ಆಸ್ಥಾನದ ಪಂಡಿತರಿಗೆ ಎಲ್ಲವೂ ಸರಿಯಾಗಿ ಗೊತ್ತು. ಅವರನ್ನು ತಪ್ಪು ಮಾಡಿಸಿ, ಆದರೆ ದಡ್ಡರನ್ನಾಗಿ ಮಾಡಬೇಡಿ. ಮಲೇರಿಯ ಅನ್ನುವ ಇಟಾಲಿಯನ್ ಪದದ ಅರ್ಥ 'ಕೆಟ್ಟ ಗಾಳಿ'. ಜೌಗಿನಿಂದ ಏಳುವ ಮಂಜೇ ಜ್ವರ ತರುತ್ತದೆ ಅಂತ ನೂರಾರು ವರ್ಷ ವೈದ್ಯರು ನಂಬಿದ್ದರು. ರಾತ್ರಿ ಕಿಟಕಿ ಮುಚ್ಚಿ, ಜೌಗು ಒಣಗಿಸಿ, ಎತ್ತರದಲ್ಲಿ ಮನೆ ಕಟ್ಟಿ ಅನ್ನುತ್ತಿದ್ದರು. ಜ್ವರ ನಿಜವಾಗಿ ಕಮ್ಮಿಯಾಗುತ್ತಿತ್ತು, ಯಾಕೆಂದರೆ ಸೊಳ್ಳೆ ಕಮ್ಮಿಯಾಗುತ್ತಿತ್ತು. 1883ರಲ್ಲಿ ಬೆಂಗಳೂರಿನಲ್ಲಿದ್ದ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ನಿಂತ ನೀರು ಕಮ್ಮಿ ಮಾಡಿದರೆ ಸೊಳ್ಳೆ ಕಮ್ಮಿ ಅಂತ ಗಮನಿಸಿದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಅವರು ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ನಿಮ್ಮ ಪಂಡಿತನೂ ತಪ್ಪು ಕಾರಣ ಹೇಳಿ ಅರ್ಧ ಊರನ್ನು ಉಳಿಸಲಿ. ಉಳಿದ ಅರ್ಧ ಊರಿಗೆ ಅದೇ ಮಾತು ಮುಳುವಾಗಲಿ.

ಮನಸ್ಸು ಕೆಡುವುದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. 'ಅವನ ಮನಸ್ಸು ಕತ್ತಲಾಯಿತು' ಅಂದರೆ ಓದುವವರಿಗೆ ಏನೂ ಕಾಣುವುದಿಲ್ಲ. ಕೆಡುತ್ತಿರುವವರಿಗೆ ತಾವು ಕೆಡುತ್ತಿರುವುದು ಗೊತ್ತಾಗಬಾರದು. ಅವರು ಪ್ರತಿಯೊಂದಕ್ಕೂ ಒಂದು ಸಮಾಧಾನದ ಕಾರಣ ಹುಡುಕಿಕೊಳ್ಳಬೇಕು. ನಾನಾಗಿದ್ದರೆ ಒಂದು ಮುಂಜಾನೆಯನ್ನು ಹೀಗೆ ಬರೆಯಲು ನೋಡುತ್ತಿದ್ದೆ:

'ಅಜ್ಜಿ ಉಪ್ಪಿನ ಮರಿಗೆಗೆ ಕೈ ಹಾಕಿದಳು. ಉಪ್ಪು ನೀರಾಗಿತ್ತು. ಒರೆಸಿ ಮುಚ್ಚಿಟ್ಟಳು. ಹಗ್ಗದ ಮೇಲಿನ ಸೀರೆ ಮುಟ್ಟಿ ನೋಡಿದಳು. ಹನ್ನೊಂದನೇ ದಿನ, ಇನ್ನೂ ಹಸಿ. ಅದನ್ನೇ ಉಟ್ಟಳು. ಕೊಟ್ಟಿಗೆಗೆ ಹೋದರೆ ಗೌರಿ ತಲೆ ತಗ್ಗಿಸಿ ನಿಂತಿತ್ತು. ಮೂತಿ ಹಳದಿ. ಕಾಲಿನ ಗೊರಸಿನ ಸುತ್ತಲೂ ಹಳದಿ. ಯಾರೋ ಅರಿಸಿನ ಹಚ್ಚಿದ್ದಾರೆ ಅಂದುಕೊಂಡಳು. ಹಾಗಾದರೆ ಇವತ್ತು ಹಬ್ಬ. ಹಬ್ಬದ ದಿನವನ್ನೇ ಮರೆತೆನಲ್ಲ ಅಂತ ಬೇಜಾರಾಯಿತು. ಕೂತು ಹಾಲು ಕರೆದಳು. ಹಾಲು ತುಸು ನೀಲಿ ಅನ್ನಿಸಿತು. ಬೆಳಕು ಸಾಲದು, ಅದಕ್ಕೇ. ಬೆಲ್ಲ ಹಾಕಿ ಕಾಯಿಸಿ, ಹಬ್ಬದ ದಿನ ಅಂತ ಒಂದು ಲೋಟ ಜಾಸ್ತಿಯೇ ಮೊಮ್ಮಗನಿಗೆ ಕುಡಿಸಿದಳು.'

ಇಲ್ಲಿ ಶಾಪ ಅನ್ನುವ ಪದ ಇಲ್ಲ. ಮಂಜು ಅನ್ನುವ ಪದವೂ ಇಲ್ಲ. ಐಸ್‌ಲ್ಯಾಂಡಿನ ಹಳದಿ ಮೂತಿ, ನೀಲಿ ನೀರು ನಮ್ಮ ಅಡುಗೆಮನೆಗೆ ಬಂದಿವೆ, ಅಷ್ಟೇ.

ಹೆಸರಿನ ಬಗ್ಗೆ. ಮಂಜು ಅನ್ನುವುದು ಚೆಂದದ ಪದ, ಹುಡುಗಿಯರಿಗೂ ಹುಡುಗರಿಗೂ ಇಡುತ್ತೇವೆ. ಅದೇ ಪದಕ್ಕೆ ಹಿಮ ಅಂತಲೂ ಅರ್ಥ ಬರುತ್ತದೆ. ಇಬ್ಬನಿ ಎಲೆಯ ಮೇಲಿನ ಹನಿ, ಅದು ಬೇಡ. ಕಾವಳ ಅಂತ ಒಂದು ಹಳೆಯ ಪದ ಇದೆ. ಮಂಜು ಅಂತಲೂ ಅರ್ಥ, ಕತ್ತಲೆ ಅಂತಲೂ ಅರ್ಥ. ಒಂದೇ ಪದದಲ್ಲಿ ಎರಡೂ ಇರುವಾಗ 'ಕಪ್ಪು ಮಂಜು' ಅಂತ ಬಣ್ಣ ಹಚ್ಚುವ ಅಗತ್ಯವೇ ಇಲ್ಲ. ಕಾವಳ ಅಂತ ನಿರೂಪಕ ಕರೆಯಲಿ. ಊರಿನವರು ಮಾತ್ರ ಆ ಹೆಸರು ಎತ್ತಬಾರದು. ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನುತ್ತೇವಲ್ಲ, ಸಿಡುಬಿಗೆ ಅಮ್ಮ ಅನ್ನುತ್ತಿದ್ದರಲ್ಲ, ಹಾಗೆ. 'ನಿನ್ನೆ ಅಕ್ಕ ಗದ್ದೆಯವರೆಗೆ ಬಂದಿದ್ದಳು' ಅಂತ ಒಬ್ಬ ಹೇಳಿದರೆ, ಕೇಳಿದವನು ಕೈಲಿದ್ದ ತುತ್ತು ಕೆಳಗಿಡಲಿ.

ಕೊನೆಯಲ್ಲಿ ಮಂಜು ಹೋಗಬೇಕಾ ಅಂತ ಕೇಳಿದ್ದೀರಿ. ಇದಕ್ಕೆ ಕ್ಯಾಮರೂನ್ ದೇಶದ ನ್ಯೋಸ್ ಕೆರೆಯ ಕಥೆ ಹೇಳುತ್ತೇನೆ. 1986ರ ಆಗಸ್ಟ್ 21ರ ರಾತ್ರಿ ಆ ಕೆರೆಯ ತಳದಲ್ಲಿ ಸೇರಿಕೊಂಡಿದ್ದ ಕಾರ್ಬನ್ ಡೈಆಕ್ಸೈಡ್ ಒಮ್ಮೆಗೇ ಹೊರಬಂತು. ಗಾಳಿಗಿಂತ ಭಾರವಾದ ಆ ಬಿಳಿ ಮೋಡ ಕಣಿವೆ ಹಿಡಿದು ಹರಿಯಿತು. 25 ಕಿಲೋಮೀಟರ್ ದೂರದವರೆಗೂ ಜನ ಮಲಗಿದಲ್ಲೇ ಸತ್ತರು, 1,746 ಮಂದಿ. ಎಣ್ಣೆ ಇದ್ದ ಹಾಗೇ ದೀಪಗಳು ಆರಿದ್ದವು. ಬದುಕಿದ ಕೆಲವರು ಎಷ್ಟೋ ಗಂಟೆಗಳ ಮೇಲೆ ಎಚ್ಚರಗೊಂಡು ಮನೆಯವರನ್ನು ಎಬ್ಬಿಸಲು ನೋಡಿದರು. ನೀಲಿ ಕೆರೆ ತಳದ ಕಬ್ಬಿಣದ ಅಂಶ ಮೇಲೆ ಬಂದು ಕೆಂಪಾಗಿತ್ತು. ಆ ಅನಿಲ ತಳದಿಂದ ಮತ್ತೆ ಮತ್ತೆ ಊರುತ್ತಲೇ ಇರುತ್ತದೆ, ನಿಲ್ಲಿಸಲು ಆಗುವುದಿಲ್ಲ. 2001ರಲ್ಲಿ ಎಂಜಿನಿಯರುಗಳು ಸುಮಾರು 200 ಮೀಟರ್ ಉದ್ದದ ಒಂದು ಕೊಳವೆಯನ್ನು ಕೆರೆಯ ತಳದವರೆಗೆ ಇಳಿಸಿದರು. ತಳದ ನೀರು ತನ್ನದೇ ಒತ್ತಡಕ್ಕೆ ಕಾರಂಜಿಯಾಗಿ ಮೇಲೆ ಚಿಮ್ಮಿತು. ವಿಷ ಸ್ವಲ್ಪ ಸ್ವಲ್ಪವೇ ಗಾಳಿಗೆ ಹೋಗತೊಡಗಿತು, ಯಾರನ್ನೂ ಕೊಲ್ಲದಷ್ಟು. 2011ರಲ್ಲಿ ಇನ್ನೆರಡು ಕೊಳವೆ ಹಾಕಿದರು.

ನಿಮ್ಮ ರಾಜ್ಯದಲ್ಲಿ ಆ ಅಗಸಗಿತ್ತಿಯ ಮನೆ ಇದ್ದ ಜಾಗ ಎಲ್ಲಿ ಅಂತ ಗುರುತು ಹಾಕಿಕೊಳ್ಳಿ. ಮಂಜು ಅಲ್ಲಿಂದಲೇ ಏಳುತ್ತಿರಲಿ. ಕೊನೆಯ ಅಧ್ಯಾಯದಲ್ಲಿ ಅದನ್ನು ಮುಚ್ಚಲು ಯಾರೂ ಹೋಗುವುದು ಬೇಡ. ಪ್ರತಿ ಬೆಳಗ್ಗೆ ಊರಿನ ಒಬ್ಬರು, ಸರದಿಯ ಮೇಲೆ, ಅಲ್ಲಿ ಹೋಗಿ ಒಂದು ಬಟ್ಟೆ ಒಗೆದು ಹರವಿ ಬರಲಿ. ಸರದಿಯ ಪಟ್ಟಿಯಲ್ಲಿ ರಾಜನ ಮನೆಯ ಹೆಸರೂ ಇರಲಿ.